ಅವ್ವ ಬಿಟ್ಟ ಪುಂಡಿಪಲ್ಯ

ನನ್ನ ಬಾಲ್ಯದ ಚಳಿಗಾಲಗಳನ್ನೆಲ್ಲ ನಾನು ಕೌದಿಯೊಳಗಿಂದಲೇ ನೋಡಿದ್ದು. ದೀಪಾವಳಿ ಮುಗಿದು, ಬಸವಕಲ್ಯಾಣದ ಸುತ್ತಲಿನ ಎರೆಹೊಲಗಳಲ್ಲಿ ಬಿಳಿಜೋಳ ಮೊಣಕಾಲೆತ್ತರಕ್ಕೆ ಬಂತೆಂದರೆ ನನ್ನ ಎದೆ ಕಟ್ಟಿಕೊಳ್ಳುತ್ತಿತ್ತು. ಮೊದಲು ಮೂಗು, ಆಮೇಲೆ ಗಂಟಲು, ಆಮೇಲೆ ಎದೆ. ಉಸಿರೆಳೆದರೆ ಒಳಗೆ ಪಾರಿವಾಳ ಕೂತಂಥ ಸದ್ದು. ಮೈಯಲ್ಲಿ ಸಣ್ಣಗೆ ಜ್ವರವೂ ಇರುತ್ತಿದ್ದುದರಿಂದ ಆ ದಿನಗಳಲ್ಲಿ ಕಣ್ಣಿಗೆ ಕಂಡದ್ದೆಷ್ಟು, ಕನಸಿನಲ್ಲಿ ಬಂದದ್ದೆಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಅಡುಗೆಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ಬೆಳಿಗ್ಗೆ ಒಲೆಯ ಹತ್ತಿರ ಇರುತ್ತಿತ್ತು. ಒಮ್ಮೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೀರಿನ ಹಂಡೆಯ ಮೇಲೆ ಬಂದು ಕೂತಿರುತ್ತಿತ್ತು. ಅದರೊಳಗೆ ಹೊಗೆ ನಿಧಾನಕ್ಕೆ ಸುತ್ತುತ್ತಿತ್ತು. ನಾನು ಆ ಹೊಗೆಯಲ್ಲಿ ಎತ್ತಿನ ಬಂಡಿಗಳನ್ನು, ಕುದುರೆಗಳನ್ನು, ಯಾವುದೋ ಊರಿನ ಓಣಿಗಳನ್ನು ಕಾಣುತ್ತ ಮಲಗಿರುತ್ತಿದ್ದೆ.

ಈ ಕಾಯಿಲೆಗೆ ಬ್ರಾಂಕೈಟಿಸ್ ಅನ್ನುತ್ತಾರೆಂದು ತಿಳಿದದ್ದು ಆಮೇಲೆ. ನಮ್ಮ ಮನೆಯಲ್ಲಿ ಅದಕ್ಕೆ "ಎದಿ ಕಟ್ಟೋದು" ಎಂದಷ್ಟೇ ಹೆಸರು.

ಐವತ್ತಾರರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನಿನ್ನೂ ಶಾಲೆಗೆ ಹೋಗದ ಕೂಸು. ಗಂಡಸರು ಕಟ್ಟೆಯ ಮೇಲೆ ಕೂತು ರಾಜ್ಯ ಬದಲಾದದ್ದನ್ನು ಮಾತಾಡುತ್ತಿದ್ದರೆ, ನಮ್ಮ ಓಣಿಯ ಹೆಂಗಸರು ನನ್ನ ಕೆಮ್ಮನ್ನು ಮಾತಾಡುತ್ತಿದ್ದರು. ಅಪ್ಪನಿಗೆ ಬಾಜಾರದಲ್ಲಿ ಕಾಳುಕಡಿಯ ಅಂಗಡಿ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೋದರೆ ಮನೆಯ ಯಾವ ಗೊಡವೆಯೂ ಅವನಿಗೆ ಬೇಡ. ಅಂಗಡಿ ಅಪ್ಪನದಾದರೆ ಮನೆ ಅಪ್ಪನ ತಾಯಿಯದು. ಆಕೆಯನ್ನು ನಾನು ಆಯಿ ಎನ್ನುತ್ತಿದ್ದೆ. ಎತ್ತರದ, ಗಟ್ಟಿ ದನಿಯ ಹೆಂಗಸು. ಅವ್ವ ಹುಮನಾಬಾದಿನಿಂದ ಬಂದ ಸೊಸೆ. ಅವಳ ದನಿ ಹೇಗಿತ್ತೆಂದು ಆಗ ಕೇಳಿದ್ದರೆ ನೆರೆಮನೆಯವರು ಹೇಳಲು ತಡವರಿಸುತ್ತಿದ್ದರು.

ನನ್ನ ಎದೆ ಆಯಿಯ ವಶದಲ್ಲಿತ್ತು. ಬೆಳಿಗ್ಗೆ ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯ. ಮಧ್ಯಾಹ್ನ ಆಡುಸೋಗೆಯ ಎಲೆ ಬಾಡಿಸಿ ಹಿಂಡಿದ ರಸಕ್ಕೆ ಜೇನು. ಸಂಜೆಗೆ ಅರಿಶಿನದ ಹಾಲು. ಕೆಮ್ಮು ಜೋರಾದರೆ ವೀಳ್ಯದೆಲೆಗೆ ಎಣ್ಣೆ ಸವರಿ, ಕೆಂಡದ ಮೇಲೆ ಹಿಡಿದು, ಎದೆಯ ಮೇಲೆ ಇಡುತ್ತಿದ್ದಳು. ಬಾಜಾರದ ಹಕೀಮ ಸಾಹೇಬರು ಕಟ್ಟಿಕೊಟ್ಟ ಒಣ ಹೂವು, ಬೇರುಗಳ ಜೋಶಾಂದಾ ಕಷಾಯವನ್ನೂ ಆಕೆ ಬೇಡವೆನ್ನಲಿಲ್ಲ. ಮದ್ದಿನ ವಿಷಯದಲ್ಲಿ ಆಯಿಗೆ ಜಾತಿ ಮತದ ಭೇದವಿರಲಿಲ್ಲ, ಕಹಿಯಾಗಿದ್ದರೆ ಸಾಕಿತ್ತು.

ಎಲ್ಲಕ್ಕಿಂತ ದೊಡ್ಡ ಮದ್ದು ಸಂಜೆಯದು. ಅಗ್ಗಿಷ್ಟಿಗೆಯಲ್ಲಿ ಕೆಂಡ ತುಂಬಿ, ಅದರ ಮೇಲೆ ಅಜವಾನ, ಅಂದರೆ ಓಮ, ಮತ್ತು ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ನನ್ನನ್ನು ಅದರ ಮುಂದೆ ಕೂಡಿಸಿ ಮೇಲಿಂದ ಕೌದಿ ಹೊದಿಸುತ್ತಿದ್ದಳು. "ಎಳಕೋ ಪೋರಿ, ಒಳಗ ಹೋಗ್ಲಿ. ಕಫ ಕರಗ್ತದ." ಕಣ್ಣಲ್ಲಿ ನೀರು ಹರಿಯುತ್ತಿತ್ತು, ಮೂಗು ಉರಿಯುತ್ತಿತ್ತು, ಆದರೂ ಆ ಬೆಚ್ಚನೆಯ ಕತ್ತಲಲ್ಲಿ ಕೆಂಪಗೆ ಮಿನುಗುವ ಕೆಂಡ ನೋಡುತ್ತ ಕೂಡುವುದು ನನಗೆ ಇಷ್ಟವಾಗುತ್ತಿತ್ತು. ಆಮೇಲೆ ನನ್ನ ಹಾಸಿಗೆಯನ್ನು ಆಯಿ ಅಡುಗೆಮನೆಯಲ್ಲಿ, ಒಲೆಯ ಪಕ್ಕಕ್ಕೇ ಹಾಸುತ್ತಿದ್ದಳು. ಮನೆಯಲ್ಲಿ ಅದೇ ಬೆಚ್ಚಗಿನ ಜಾಗ. ಒಲೆಯಲ್ಲಿ ತೊಗರಿಕಟ್ಟಿಗೆ ಮೆಲ್ಲಗೆ ಹೊಗೆಯಾಡುತ್ತ ಇರುತ್ತಿತ್ತು. ಮೊಮ್ಮಗಳ ಮೇಲಿನ ಮಾಯೆ ಅಂದರೆ ಹೀಗಿರಬೇಕು ಎಂದು ಓಣಿಯವರೆಲ್ಲ ಆಯಿಯನ್ನು ಹೊಗಳುತ್ತಿದ್ದರು.

ಮದ್ದು ಆಯಿಯ ಖಾತೆಯಾದರೆ ಪಥ್ಯ ಇಡೀ ಊರಿನ ಖಾತೆ. ಮಾತಾಡಿಸಲು ಬಂದವರು ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ನನ್ನ ತಾಟಿನಿಂದ ಒಂದು ಪದಾರ್ಥ ಎತ್ತಿಕೊಂಡೇ ಹೋಗುತ್ತಿದ್ದರು. ಮೊಸರು ಮೊದಲೇ ಹೋಗಿತ್ತು. ಪಕ್ಕದ ಮನೆಯವಳು ಬಾಳೆಹಣ್ಣು ತೆಗೆಸಿದಳು. ಹಕೀಮರು "ಖಟ್ಟಾ ಬಿಲ್ಕುಲ್ ಬ್ಯಾಡ" ಎಂದು ಹುಣಸೆ, ನಿಂಬೆ, ಮಾವಿನಕಾಯಿಯನ್ನು ಒಟ್ಟಿಗೇ ಒಯ್ದರು. ಶೇಂಗಾ ಎಣ್ಣೆಯ ಪದಾರ್ಥ, ಕಫ. ಪೇರಲ ಥಂಡಿ. ಬದನೆಕಾಯಿ ನಂಜು. ಬಾರಿಹಣ್ಣು ತಿಂದರೆ ಕೆಮ್ಮು ಬರುತ್ತದೆಂಬುದು ಶಾಲೆಯ ಮಾಸ್ತರರಿಗೂ ಗೊತ್ತಿತ್ತು. ಕೊನೆಗೆ ಯಾರೋ ಹಾಲೇ ಕಫವೆಂದಾಗ ಮಾತ್ರ ಆಯಿ ರೇಗಿದಳು, ಏಕೆಂದರೆ ಅರಿಶಿನದ ಹಾಲು ಆಕೆಯ ಮದ್ದು. ಹೀಗೆ ತೆಗೆದ ಪದಾರ್ಥವನ್ನು ತಿರುಗಿ ತಾಟಿಗೆ ಹಾಕಬಹುದೆಂದು ಹೇಳಿದವರು ಒಬ್ಬರೂ ಇರಲಿಲ್ಲ. ಜೋಳದ ರೊಟ್ಟಿ, ಬೇಳೆಕಟ್ಟು, ಹಾಲು ಇಷ್ಟರ ಮೇಲೆ ನಾನು ಬೆಳೆದೆ, ಬೆಳೆದೆ ಅನ್ನುವುದಕ್ಕಿಂತ ಉದ್ದವಾದೆ.

ಇಷ್ಟೆಲ್ಲ ಬಿಡಿಸಿದರೂ ಕೆಮ್ಮು ಹೋಗಲಿಲ್ಲ. ನಾನು ತಿಂದದ್ದು ಕಾರಣವಲ್ಲ ಎಂದಾದ ಮೇಲೆ ಹುಡುಕಾಟ ನಾನು ಹುಟ್ಟುವುದಕ್ಕಿಂತ ಹಿಂದಕ್ಕೆ ಹೋಯಿತು. ಅಲ್ಲಿ ಸಿಕ್ಕಿದವಳು ಅವ್ವ.

"ಬಸಿರಿದ್ದಾಗ ತವರಿಗೆ ಹೋಗಿ ಹೊಟ್ಟಿ ತುಂಬ ಪುಂಡಿಪಲ್ಯ ತಿಂದು ಬಂದಾಳ," ಎಂದಳು ಆಯಿ, ಯಾರೋ ಬಂದು ಕೂತಿದ್ದಾಗ, ಅವ್ವ ರೊಟ್ಟಿ ಬಡಿಯುತ್ತಿದ್ದಾಗ. "ಅಷ್ಟು ಹುಳಿ. ಅದು ಎಲ್ಲಿ ಹೋಗ್ತದ? ಕೂಸಿನ ಎದಿಗೆ ಇಳದದ."

ರೊಟ್ಟಿಯ ಸದ್ದು ನಿಲ್ಲಲಿಲ್ಲ. ನಾನು ಅರ್ಧ ನಿದ್ದೆಯಲ್ಲಿದ್ದೆ. ಹುಳಿ ನೀರು ಅವ್ವನ ಹೊಟ್ಟೆಯಿಂದ ನನ್ನ ಎದೆಗೆ ಹನಿಹನಿಯಾಗಿ ಇಳಿಯುವುದನ್ನು ನಾನು ಅವತ್ತು ಕನಸಿನಲ್ಲಿ ಕಂಡೆ. ತಣ್ಣಗೆ, ಹಸಿರಾಗಿತ್ತು ಅದು.

ಪುಂಡಿ ಎಂದರೆ ನಮ್ಮ ಕಡೆಯ ಹುಳಿಸೊಪ್ಪು. ಸೊಪ್ಪನ್ನು ಕುದಿಸಿ ನೀರು ಬಸಿದು, ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಮತ್ತೆ ಬೇಯಿಸಿ, ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬಿಸಿ ರೊಟ್ಟಿಯ ಮೇಲೆ ಅದನ್ನು ಹಾಕಿಕೊಂಡು, ನಡುವೆ ಗುಣಿ ಮಾಡಿ ಹಸಿ ಎಣ್ಣೆ ಹುಯ್ದುಕೊಂಡು ತಿಂದರೆ ಬೇರೆ ಮೇಲೋಗರ ಬೇಡ. ಅವ್ವನಿಗೆ ಅದೆಂದರೆ ಪ್ರಾಣ. ಹುಮನಾಬಾದಿನಲ್ಲಿ ಹುಡುಗಿಯಾಗಿದ್ದಾಗ ಬೆಳಿಗ್ಗೆ ತಂಗಳ ರೊಟ್ಟಿಗೂ ಅದೇ, ಸಂಜೆ ಬಿಸಿ ರೊಟ್ಟಿಗೂ ಅದೇ ತಿನ್ನುತ್ತಿದ್ದಳೆಂದು ಆ ಊರಿನ ಆಯಿ, ಅಂದರೆ ಅವ್ವನ ತಾಯಿ, ನಗುತ್ತ ಹೇಳುತ್ತಿದ್ದಳು. ಬಸಿರಿಯಾಗಿದ್ದಾಗಲಂತೂ ಬಯಕೆ ಅದೊಂದರ ಮೇಲೇ ನಿಂತಿತ್ತಂತೆ.

ಆ ಮಾತು ಬಿದ್ದ ಮರುದಿನ ಬೆಳಿಗ್ಗೆ ಅವ್ವ ಮಿಂದು ದೇವರ ಜಗುಲಿಯ ಮುಂದೆ ನಿಂತಳು. ನಾನು ಹಾಸಿಗೆಯಿಂದಲೇ ನೋಡಿದೆ. ಒದ್ದೆ ಕೂದಲು ಬೆನ್ನಿಗೆ ಅಂಟಿತ್ತು. "ಈ ಕೂಸು ಒಂದು ಥಂಡಿಗಾಲ ಕೆಮ್ಮದಂಗ ಕಳೀಲಿ. ಅಲ್ಲಿ ತನಕ ನಾ ಪುಂಡಿ ಮುಟ್ಟಂಗಿಲ್ಲ," ಎಂದಳು. ಜೋರಾಗಿ ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಕೇಳಿತು. ಆಯಿಗೆ ಸಮಾಧಾನವಾಯಿತು. ಹರಕೆ ಹೊತ್ತು ನಾಲಿಗೆಯ ಆಸೆ ಬಿಡುವುದು ನಮ್ಮ ಹೆಂಗಸರಲ್ಲಿ ಹೊಸದಲ್ಲ. ಒಬ್ಬಳು ಕುಂಬಳಕಾಯಿ ಬಿಟ್ಟಿರುತ್ತಾಳೆ, ಒಬ್ಬಳು ಬೆಲ್ಲ. ಬಿಟ್ಟವರನ್ನು ನೋಡಿ ಯಾರೂ ಅಯ್ಯೋ ಅನ್ನುವುದಿಲ್ಲ.

ನಾನು ಅಂದೆ, ಮನಸ್ಸಿನಲ್ಲೇ. ಯಾಕೆಂದರೆ ಪುಂಡಿಪಲ್ಯ ಮನೆಯಲ್ಲಿ ಆಗುತ್ತಲೇ ಇತ್ತು. ಅಪ್ಪನಿಗೂ ಆಯಿಗೂ ಬೇಕಿತ್ತು, ಅವ್ವನೇ ಮಾಡುತ್ತಿದ್ದಳು. ಒಗ್ಗರಣೆ ಬಿದ್ದಾಗ ಅಡುಗೆಮನೆ ತುಂಬ ಬೆಳ್ಳುಳ್ಳಿಯ ವಾಸನೆ ಏಳುತ್ತಿತ್ತು. ಅವರಿಬ್ಬರಿಗೆ ಬಡಿಸಿ ತಾನು ಬೇಳೆಕಟ್ಟಿನಲ್ಲಿ ರೊಟ್ಟಿ ಮುರಿದು ನನ್ನ ಹತ್ತಿರ ಬಂದು ಕೂತು ಉಣ್ಣುತ್ತಿದ್ದಳು. "ನಾವಿಬ್ರೂ ಪಥ್ಯದವ್ರು," ಎಂದು ನಗುತ್ತಿದ್ದಳು. ಆ ನಗು ನನಗೆ ಬೇಡವಾಗಿತ್ತು. ನನ್ನ ಎದೆ ಅವಳ ಬಾಯಿಗೆ ಬೀಗ ಹಾಕಿದೆ ಎಂದು ಗೊತ್ತಾದ ಮೇಲೆ ಕೆಮ್ಮು ಬಂದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಒಂದು ಥಂಡಿಗಾಲ ಕೆಮ್ಮದಂತೆ ಕಳೆದರೆ ಸಾಕಲ್ಲ ಎಂದು ನಾನೇ ಒಂದು ಉಪಾಯ ಹೂಡಿದೆ. ಕೆಮ್ಮು ಬರುವ ಮುಂಚೆ ಗಂಟಲಲ್ಲಿ ಒಂದು ತುರಿಕೆ ಏಳುತ್ತದೆ. ಆಗ ಉಸಿರು ಬಿಗಿಹಿಡಿದು, ಉಗುಳು ನುಂಗಿ, ಕಣ್ಣು ಮುಚ್ಚಿದರೆ ಅದು ಹಿಂದಕ್ಕೆ ಸರಿಯುತ್ತದೆ. ತಡೆಯಲಾಗದಿದ್ದರೆ ಹಿತ್ತಲಿಗೆ ಓಡಿ ದನದ ಕೊಟ್ಟಿಗೆಯ ಹಿಂದೆ ಕೆಮ್ಮಿ ಬರುವುದು. ಆ ವರ್ಷ ಇಡೀ ಕಾರ್ತಿಕ ಮಾಸ ಹೀಗೆ ಕಳೆದೆ. "ಈ ಸಲ ಪೋರಿ ಸುಧಾರಿಸ್ಯಾಳ" ಎಂದು ಆಯಿ ಎಲ್ಲರಿಗೂ ಹೇಳಿಕೊಂಡು ಬಂದಳು. ಒಂದು ಸಂಜೆ ನನ್ನ ಜಡೆ ಹೆಣೆಯುತ್ತ ಕೂತ ಅವ್ವ ಬೆನ್ನಿಗೆ ಕಿವಿ ಇಟ್ಟಳು. ಪಾರಿವಾಳ ಕೇಳಿಸಿರಬೇಕು. ನನ್ನನ್ನು ತನ್ನ ಕಡೆ ತಿರುಗಿಸಿಕೊಂಡಳು.

"ತಡಕೊಂಡಿದ್ದೀ ಏನು?"

ನಾನು ಹೌದೆಂದು ತಲೆಯಾಡಿಸಿದೆ.

"ಯಾರಿಗಾಗಿ?"

ಹೇಳಲು ಬಾಯಿ ತೆರೆದಿದ್ದರೆ ಕೆಮ್ಮು ಬರುತ್ತಿತ್ತು. ಅವ್ವನಿಗೆ ಗೊತ್ತಾಯಿತು. "ಕೆಮ್ಮು ನನ್ನವ್ವ," ಎಂದಳು. "ಹೊಟ್ಟೀಲೆ ಹುಟ್ಟಿದ ಕೂಸು ಉಸಿರು ಹಿಡಕೊಂಡು ಕುಂತ್ರ ನನಗ್ಯಾವ ಪಲ್ಯ ರುಚಿ ಹತ್ತತದ?" ನಾನು ಕೆಮ್ಮಿದೆ, ಒಂದು ತಿಂಗಳದ್ದೆಲ್ಲ ಒಟ್ಟಿಗೆ. ಅವಳು ಬೆನ್ನು ತಿಕ್ಕುತ್ತ ಅಳುತ್ತಿದ್ದಳು. ನನಗೆ ಅವತ್ತಿನಷ್ಟು ಅವಳ ಮೇಲೆ ಪ್ರೀತಿ ಬಂದದ್ದು ಮತ್ತೆ ನನ್ನ ಕೂಸನ್ನು ಎತ್ತಿಕೊಂಡಾಗಲೇ.

ಆ ವಾರವೇ ಜ್ವರ ಏರಿತು. ಅವ್ವ ಮೊದಲ ಸಲ ಯಾರನ್ನೂ ಕೇಳದೆ ಸೀರೆ ಬದಲಿಸಿ, ನನ್ನನ್ನು ಕೌದಿಯಲ್ಲಿ ಸುತ್ತಿಕೊಂಡು, ಅಪ್ಪನ ಅಂಗಡಿಯ ಮುಂದೆ ನಿಂತು, "ಹುಮನಾಬಾದ ದವಾಖಾನಿಗೆ ತೋರಿಸ್ಕೊಂಡು ಬರ್ತೀನ್ರಿ," ಎಂದಳು. ಅಪ್ಪ ಅವಳ ಮುಖ ನೋಡಿ ಹೂಂ ಅಂದ. ಬಸ್ಸಿನ ಆ ಪ್ರಯಾಣ ನನಗೆ ಕನಸಿನಂತೆಯೇ ಉಳಿದಿದೆ. ಕಿಟಕಿಯ ಹೊರಗೆ ತೊಗರಿ, ಜೋಳ, ತೊಗರಿ. ರಾಜೇಶ್ವರದಲ್ಲಿ ಬಸ್ಸು ನಿಂತಾಗ ಯಾರೋ ಹುರಿದ ಶೇಂಗಾ ತಂದು ಕಿಟಕಿಗೆ ಹಿಡಿದರು. ಅವ್ವ ಬೇಡ ಎಂದು ತಲೆಯಾಡಿಸಿದಳು. ನಾನು ಅವಳ ಭುಜದ ಮೇಲೆ ಬಾಯಿ ತೆರೆದು ಮಲಗಿದ್ದೆ, ಹೊರಗಿನ ಗಾಳಿ ಎದೆಗೆ ತಣ್ಣಗೆ ಹೋಗುತ್ತಿತ್ತು, ಅದರಲ್ಲಿ ಹೊಗೆಯ ವಾಸನೆ ಇರಲಿಲ್ಲ. ಇನ್ನೂ ಊರು ಬರಬಾರದು ಎನ್ನಿಸುತ್ತಿತ್ತು.

ಡಾಕ್ಟರು ವಯಸ್ಸಾದವರು, ಹೈದರಾಬಾದಿನಲ್ಲಿ ಓದಿ ಬಂದವರು. ನಳಿಗೆಯನ್ನು ಎದೆಗೆ, ಬೆನ್ನಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಅವ್ವ ಒಂದೇ ಉಸಿರಿಗೆ ಪಥ್ಯವನ್ನೆಲ್ಲ ಒಪ್ಪಿಸಿದಳು, ಮೊಸರು ಕೊಡುವುದಿಲ್ಲ, ಬಾಳೆಹಣ್ಣು ಕೊಡುವುದಿಲ್ಲ, ಹುಳಿಯಂತೂ ಇಲ್ಲವೇ ಇಲ್ಲ ಎಂದು. ಕೊನೆಗೆ ದನಿ ತಗ್ಗಿಸಿ, "ನಾ ಬಸಿರಿದ್ದಾಗ ಪುಂಡಿ ತಿಂದಿದ್ದೆರಿ," ಎಂದಳು. ಅಪರಾಧ ಒಪ್ಪಿಕೊಳ್ಳುವವರ ದನಿ ಅದು.

ಡಾಕ್ಟರು ನಕ್ಕರು. "ಪುಂಡಿ ನಾನೂ ತಿಂತೇನಿ. ಇಕಿ ಏನು ತಿಂತಾಳ ಅನ್ನೋದು ಇರ್ಲಿ, ಮಲಗೋದು ಎಲ್ಲಿ?"

"ಒಲಿ ಬಾಜೂಕ ರಿ. ಬೆಚ್ಚಗ ಇರ್ಲಿ ಅಂತ."

"ಹೊಗಿ?"

ಅವ್ವ ಸಂಜೆಯ ಕೆಂಡ, ಅಜವಾನ, ಕೌದಿಯ ವಿಷಯ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಕಷಾಯ ಕೊಡ್ರಿ, ಬಿಸಿನೀರು ಕೊಡ್ರಿ, ಅದರಿಂದ ಗಂಟಲಿಗೆ ಹಿತ, ಆದರೆ ಹೊಗೆಯಿಂದ ದೂರ ಇಡ್ರಿ ಎಂದರು. ಊಟದ ಬಗ್ಗೆ ಹೇಳಿದ್ದೂ ನೆನಪಿದೆ. ಕೆಲವು ಕೂಸುಗಳಿಗೆ ಕೆಲವು ಪದಾರ್ಥ ಆಗಿಬರುವುದಿಲ್ಲ, ಅದು ಖರೇ. ತಿಂದಾಗೆಲ್ಲ ಯಾವುದು ಕೆಮ್ಮು ತರುತ್ತದೋ ಅದೊಂದನ್ನು ನೋಡಿ ಬಿಡಬೇಕು, ಯಾರೋ ಅಂದರೆಂದು ಎಲ್ಲ ಬಿಟ್ಟರೆ ಮೈಯಲ್ಲಿ ತ್ರಾಣ ಎಲ್ಲಿಂದ ಬರಬೇಕು ಎಂದು. ಕೆಮ್ಮಿನ ಔಷಧ ಬಾಟಲಿಯಲ್ಲಿ ಬಂತು. ಅದು ಸಿಹಿಯಾಗಿತ್ತು. ಆಯಿ ಅದನ್ನು ಎಂದೂ ನಂಬಲಿಲ್ಲ.

ಆ ಥಂಡಿಗಾಲದ ಉಳಿದ ದಿನ ಪೂರ್ತಿ ನಾನು ಹುಮನಾಬಾದಿನಲ್ಲೇ ಉಳಿದೆ, ಅವ್ವನೂ ಜೊತೆಗೆ. ಆ ಮನೆಯ ಅಡುಗೆ ಹಿತ್ತಲಿನ ಚಪ್ಪರದಲ್ಲಿ. ನಾವು ಮಲಗುತ್ತಿದ್ದದ್ದು ಪಡಸಾಲೆಯಲ್ಲಿ. ಅವ್ವನ ತಾಯಿಗೆ ಪಥ್ಯದ ಮೇಲೆ ನಂಬಿಕೆ ಇರಲಿಲ್ಲ. ಆಕೆ ನನಗೆ ಮೊದಲು ಮೊಸರು ಕೊಟ್ಟಳು, ಆಮೇಲೆ ಬಾಳೆಹಣ್ಣು. ಒಂದು ದಿನ ಅವ್ವ ನೀರಿಗೆ ಹೋದಾಗ ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯವನ್ನೇ ಹಾಕಿಕೊಟ್ಟಳು. ಹುಳಿ ನಾಲಿಗೆಯ ತುದಿ ಮುಟ್ಟಿ ಕಿವಿಯ ತನಕ ಹೋಯಿತು. ಇಷ್ಟು ರುಚಿಯಾದದ್ದನ್ನು ಅವ್ವ ನನಗಾಗಿ ಬಿಟ್ಟಿದ್ದಾಳೆಯೇ ಎನ್ನಿಸಿತು. ಅವ್ವ ಕೊಡ ಇಳಿಸಿ ನನ್ನ ತಾಟು ನೋಡಿ ಬಿಳಿಚಿಕೊಂಡಳು. ಎರಡು ದಿನ ನನ್ನ ಎದೆಗೆ ಕಿವಿ ಇಟ್ಟುಕೊಂಡೇ ಇದ್ದಳು. ಏನೂ ಆಗಲಿಲ್ಲ. ಶಿವರಾತ್ರಿ ಬಂತು, ಬಿಸಿಲು ಏರಿತು, ನಾನು ಮತ್ತೆ ಕೆಮ್ಮಲಿಲ್ಲ.

ಈಗಾದರೂ ಅವ್ವ ತಿನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳ ತಾಯಿ ಪಲ್ಯ ಮಾಡಿ ಮುಂದೆ ತಂದಿಟ್ಟಳು. "ಥಂಡಿ ಹೋತಲ್ಲ. ಹರಕಿ ತೀರೇತಿ, ಉಣ್ಣು."

ಅವ್ವ ತಾಟು ನೋಡುತ್ತ ಕೂತಳು. ಕೈ ಮುಂದೆ ಹೋಗಿ ಹಿಂದೆ ಬಂತು. "ನಾ ಬಿಟ್ಟದ್ದಕ್ಕ ಅಲ್ಲೇನು ಕೂಸಿಗೆ ಆರಾಮ ಆದದ್ದು?" ಎಂದಳು. "ತಿಂದ್ರ ಮತ್ತ ಬಂದ್ರ?"

ಡಾಕ್ಟರು ಹೇಳಿದ್ದನ್ನು ಅವಳ ತಾಯಿ ಹೇಳಿದಳು, ಹೊಗೆ, ಒಲೆ, ಹಾಸಿಗೆ. ಅವ್ವ ಎಲ್ಲದಕ್ಕೂ ಹೌದು ಅಂದಳು. ಆದರೆ ತಾಟು ಮುಟ್ಟಲಿಲ್ಲ. ಕೆಮ್ಮು ಬಂದರೆ ತಪ್ಪು ತನ್ನದು, ಕೆಮ್ಮು ಹೋದರೆ ಅದು ತಾನು ಬಿಟ್ಟ ಪುಣ್ಯ. ಹೀಗೆ ಎರಡೂ ಕಡೆ ಬಾಗಿಲು ಹಾಕಿಕೊಂಡವಳನ್ನು ಹೊರಗೆ ತರುವುದು ಹೇಗೆಂದು ನನಗೆ ತಿಳಿಯಲಿಲ್ಲ. ನನಗೆ ಸಿಟ್ಟು ಬಂತು. ಹರಕೆಯ ಮೇಲೆ, ಆಯಿಯ ಮೇಲೆ, ನನ್ನ ಎದೆಯ ಮೇಲೂ ಬಂತು.

ಕಲ್ಯಾಣಕ್ಕೆ ತಿರುಗಿ ಬಂದ ಮೇಲೆ ಅಪ್ಪ ಆಯಿಗೆ ಡಾಕ್ಟರ ಮಾತು ತಿಳಿಸಿದ. ಆಯಿ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. "ನನ್ನ ಹೊಗಿ ಕುಡದ ನಿಮ್ಮಪ್ಪ ಬೆಳದಾನ," ಎಂದು ನನಗೇ ಹೇಳಿದಳು. ಮೂರನೆಯ ದಿನ ನನ್ನ ಹಾಸಿಗೆಯನ್ನು ತಾನೇ ಎತ್ತಿ ಪಡಸಾಲೆಯಲ್ಲಿ, ತನ್ನ ಹಾಸಿಗೆಯ ಪಕ್ಕದಲ್ಲಿ ಹಾಸಿದಳು. ಅಗ್ಗಿಷ್ಟಿಗೆ ಅಟ್ಟ ಸೇರಿತು. ಆಕೆ ನನ್ನನ್ನು ಹೊಗೆಯಲ್ಲಿ ಕೂಡಿಸಿದ್ದೂ ಪ್ರೀತಿಯಿಂದಲೇ, ಎತ್ತಿ ಹೊರಗೆ ತಂದದ್ದೂ ಪ್ರೀತಿಯಿಂದಲೇ, ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಪುಂಡಿಯ ವಿಷಯದಲ್ಲಿ ಆಕೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. "ಹೊಗಿಯಿಂದ ಹೆಚ್ಚಾಗಿರಬೇಕು. ಬೇರು ಮಾತ್ರ ಪುಂಡಿನ," ಎಂದಳು.

ಆಮೇಲಿನ ವರ್ಷಗಳಲ್ಲಿ ಕೆಮ್ಮು ಒಮ್ಮೊಮ್ಮೆ ಬರುತ್ತಿತ್ತು, ಹೋಗುತ್ತಿತ್ತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅದು ನನ್ನನ್ನು ಮರೆತೇಬಿಟ್ಟಿತು. ನನ್ನ ತಾಟಿಗೆ ಮೊಸರು, ಶೇಂಗಾ, ಬಾರಿಹಣ್ಣು ಒಂದೊಂದಾಗಿ ತಿರುಗಿ ಬಂದವು. ಅವ್ವನ ತಾಟಿಗೆ ಪುಂಡಿ ಬರಲಿಲ್ಲ. "ನೀ ದೊಡ್ಡಾಕಿ ಆಗು, ಆಮ್ಯಾಲ ತಿಂತೀನಿ," ಎಂದಳು. ದೊಡ್ಡವಳಾದಾಗ, "ನಿನ್ನ ಲಗ್ನ ಆಗ್ಲಿ." ಲಗ್ನವೂ ಆಯಿತು, ಕೊಟ್ಟದ್ದೂ ಹುಮನಾಬಾದಿಗೇ. ಬಸ್ಸು ಹತ್ತುವ ಮುಂಚೆ ನಾನು ಅವಳ ಕೈ ಹಿಡಿದು, "ಇನ್ನರ ತಿನ್ನವ್ವ," ಎಂದೆ. ಅವಳು ನನ್ನ ಸೆರಗು ಸರಿಮಾಡುತ್ತ, "ನಿನ್ನ ಹೊಟ್ಟೀಲೆ ಒಂದು ಕೂಸು ಸುಖವಾಗಿ ಬರ್ಲಿ," ಎಂದಳು.

ಕೂಸು ಬರುವ ಸುದ್ದಿ ಎಪ್ಪತ್ತರ ದಶಕದ ನಡುವೆ ಬಂತು. ಬೆನ್ನಿಗೇ ನನ್ನ ಬಯಕೆಯೂ ಬಂತು. ಅದು ಏನೆಂದು ಹೇಳುವ ಅಗತ್ಯವಿಲ್ಲ. ತಾಯಿಯ ನಾಲಿಗೆ ಮಗಳಿಗೆ ಬರದೆ ಇನ್ನಾರಿಗೆ ಬರಬೇಕು? ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಬುತ್ತಿ ಕಟ್ಟಿಕೊಂಡು ಬರುವಾಗ ಏನು ತರಲಿ ಎಂದು ಅವ್ವ ಕೇಳಿ ಕಳಿಸಿದಳು. ಬಸಿರಿಯ ಸೀರೆ, ಕುಬಸದ ಜೊತೆ ಅವಳು ಬಯಸಿದ ಅಡುಗೆ ತರುವುದು ತವರಿನವರ ಹಕ್ಕು. ನಾನು ಪುಂಡಿಪಲ್ಯ ಎಂದೆ.

ಕಲ್ಯಾಣದಲ್ಲಿ ಏನಾಯಿತೆಂದು ಆಮೇಲೆ ಅಪ್ಪ ಹೇಳಿದ. ಅವ್ವ ದಿನವೆಲ್ಲ ಕಂಗಾಲಾಗಿ ಓಡಾಡಿದಳಂತೆ. ಮಾಡಿಕೊಟ್ಟರೆ ಕೂಸಿನ ಎದೆಗೆ ಇಳಿಯುತ್ತದೆ. ಮಾಡದಿದ್ದರೆ ಬಸಿರಿಯ ಬಯಕೆ ಉಳಿಯುತ್ತದೆ. ಬಯಕೆ ಉಳಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಂದು ನಮ್ಮಲ್ಲಿ ಎಲ್ಲರೂ ಬಲ್ಲರು. ಎದೆಯೋ ಕಿವಿಯೋ ಎಂದು ತೀರ್ಮಾನಿಸಲಾಗದೆ ಕೊನೆಗೆ ಆಯಿಯ ಹತ್ತಿರವೇ ಹೋದಳು. ಆಯಿಗೆ ಆಗ ಕಣ್ಣು ಮಂಜಾಗಿತ್ತು, ದನಿ ಹಾಗೇ ಇತ್ತು. "ಬಯಕಿ ಅಂದ ಮ್ಯಾಲ ಮಾಡಬೇಕು," ಎಂದಳಂತೆ. "ಕಿವಿಗೆ ನನ್ನ ಹತ್ರ ಔಷಧ ಇಲ್ಲ. ಎದಿಗೆ ಬೇಕಾದಷ್ಟು ಅವ." ಅವ್ವ ಬಸಿರಿಯಾಗಿದ್ದಾಗ ಪಟ್ಟದ್ದೂ ಬಯಕೆಯೇ ಅಲ್ಲವೇ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಅವ್ವ ಮಾಡಿ ತಂದಳು. ಹಸಿರು ಕುಬಸ ತೊಟ್ಟು ಕೂತ ನನಗೆ ಕೈಯಾರೆ ತಿನ್ನಿಸಿದಳು. ನಾನು ಒಂದು ತುತ್ತು ಅವಳ ಬಾಯಿಗೆ ಒಯ್ದೆ. ಅವಳು ನನ್ನ ಕೈ ಹಿಡಿದು ಮೆತ್ತಗೆ ಕೆಳಗಿಳಿಸಿದಳು. "ಕೂಸು ಬರ್ಲಿ," ಎಂದಳು.

ಕೂಸು ಶ್ರಾವಣದಲ್ಲಿ ಕಲ್ಯಾಣದ ಮನೆಯಲ್ಲಿ ಹುಟ್ಟಿತು, ಹೆಣ್ಣು. ಬಾಣಂತನ ಮುಗಿದರೂ ನಾನು ಅಲ್ಲೇ ಉಳಿದಿದ್ದೆ. ದೀಪಾವಳಿ ಹೋಗಿ ಥಂಡಿ ಬಿತ್ತು. ಒಂದು ಬೆಳಿಗ್ಗೆ ಕೂಸು ಸೀನಿತು, ಮರುದಿನ ಕೆಮ್ಮಿತು, ಅದರ ಮರುದಿನ ಎದೆಯಲ್ಲಿ ಆ ಸದ್ದು. ನಾನು ಹುಟ್ಟಿದಾಗಿನಿಂದ ಬಲ್ಲ ಸದ್ದು. ದವಾಖಾನೆಗೆ ಹೋಗಿ ಬಂದೆವು, ನೆಗಡಿ ಎದೆಗಿಳಿದಿದೆ, ಹೆದರಬೇಡಿ ಎಂದು ಔಷಧ ಕೊಟ್ಟರು. ಮನೆಗೆ ಬಂದು ಅವ್ವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ವೀಳ್ಯದೆಲೆ ಬೆಚ್ಚಗೆ ಮಾಡಿ ಅದರ ಎದೆಯ ಮೇಲೆ ಇಡುತ್ತಿದ್ದಳು. ನಾನು ಅವಳ ಪಕ್ಕದಲ್ಲಿ. ಆಯಿ ಕಂಬಕ್ಕೆ ಒರಗಿ ಕೂತು ಕೂಸಿನ ಉಸಿರನ್ನೇ ಕೇಳುತ್ತಿದ್ದಳು.

"ಕುಬಸದಾಗ ಪುಂಡಿ ತಿಂದಿದ್ಲು," ಎಂದಳು ಆಯಿ. ಬೈಯುವ ದನಿಯಲ್ಲ, ಲೆಕ್ಕ ಹೇಳುವ ದನಿ. "ನಾನ ಮಾಡು ಅಂದಿದ್ದೆ, ಖರೇ. ಆದ್ರ ಇಳಿಯೋದು ಇಳದದ."

ಅವ್ವನ ಕೈ ಎಲೆಯ ಮೇಲೆ ನಿಂತಿತು. ನಾನು ಅವಳ ಮುಖ ನೋಡಿದೆ. ಅದು ಬಿಳಿಚಿಕೊಳ್ಳುತ್ತದೆಂದು ಕಾದಿದ್ದೆ, ಕೆಂಪಾಯಿತು.

"ಏನಂದ್ರಿ ಅತ್ತ್ಯಾರ?"

ಆ ದನಿಯನ್ನು ಆ ಮನೆಯಲ್ಲಿ ನಾವ್ಯಾರೂ ಕೇಳಿರಲಿಲ್ಲ. ಆಯಿ ಮಂಜುಗಣ್ಣನ್ನು ಅತ್ತ ತಿರುಗಿಸಿದಳು.

"ಬಸಿರ ಹೆಣ್ಮಗಳು ಬಯಸಿ ನಾಕು ತುತ್ತು ಪಲ್ಯ ತಿಂದ್ರ ಕೂಸಿನ ಎದಿ ಕಟ್ತದೇನ್ರಿ? ಅಕಿ ಏನು ತಪ್ಪು ಮಾಡ್ಯಾಳ? ಥಂಡಿ ಬಿದ್ದದ, ಕೂಸಿಗೆ ನೆಗಡಿ ಆಗೇದ. ಬಾಳ ಕೂಸುಗೋಳಿಗೆ ಆಗ್ತದ. ನನ್ನ ಮಗಳಿಗೆ ಈ ಮಾತು ಅನಬ್ಯಾಡ್ರಿ. ಜಲ್ಮ ಪೂರಾ ಅದ ಹೊತ್ಕೊಂಡು ತಿರಗ್ತಾಳ ಅಕಿ."

ಹೇಳಿ ಮುಗಿಸಿದ ಮೇಲೆ ಅವಳಿಗೇ ಉಸಿರು ಸಾಲದಂತಾಗಿತ್ತು. ಪಡಸಾಲೆಯಲ್ಲಿ ಕೂಸಿನ ಎದೆ ಸದ್ದು ಮಾಡುತ್ತಿತ್ತು. ಹೊರಗೆ ಓಣಿಯಲ್ಲಿ ಬಿಸಿಲು ಬಿದ್ದಿತ್ತು, ಯಾರೋ ಕೌದಿ ಕೊಡವುತ್ತಿದ್ದರು. ನಾನು ಅವ್ವನ ಮೊಣಕಾಲ ಮೇಲೆ ಕೈ ಇಟ್ಟೆ. ಅವಳ ಕಣ್ಣು ದೂರದಲ್ಲಿ ಎಲ್ಲೋ ನೆಟ್ಟಿತ್ತು, ತಾನು ಆಡಿದ್ದನ್ನು ತಾನೇ ಈಗ ಕೇಳಿಸಿಕೊಳ್ಳುತ್ತಿದ್ದಳು.

ಆಯಿ ಕೇಳಿದಳು, "ಈ ಮಾತು ಅವಾಗ ಯಾಕ ಅನಲಿಲ್ಲ ನೀ?"

"ಅವಾಗ ಅಂದದ್ದು ನನಗ ರಿ, ನನ್ನ ಮಗಳಿಗಲ್ಲ," ಎಂದಳು ಅವ್ವ.

ಆಯಿ ಕಂಬ ಹಿಡಿದು ಎದ್ದಳು. ಗೋಡೆ ತಡವುತ್ತ ಅಡುಗೆಮನೆಗೆ ಹೋದಳು. ಒಳಗೆ ಮುಚ್ಚಳದ ಸದ್ದು, ತಾಟಿನ ಸದ್ದು. ತಿರುಗಿ ಬಂದಾಗ ಆಕೆಯ ಕೈಯಲ್ಲಿ ರೊಟ್ಟಿ ಇತ್ತು, ರೊಟ್ಟಿಯ ಮೇಲೆ ಬೆಳಿಗ್ಗೆ ಅವ್ವನೇ ಅಪ್ಪನಿಗಾಗಿ ಮಾಡಿದ್ದ ಪುಂಡಿಪಲ್ಯ. ಎಣ್ಣೆ ಹುಯ್ಯುವಾಗ ಕಣ್ಣು ಕಾಣದೆ ಅರ್ಧ ಸೀರೆಯ ಮೇಲೆ ಚೆಲ್ಲಿಕೊಂಡಿದ್ದಳು. ತಾಟನ್ನು ಅವ್ವನ ಮುಂದೆ ಇಟ್ಟು ಅಲ್ಲೇ ನೆಲದ ಮೇಲೆ ಕೂತಳು.

ನಾನು ಕೂಸನ್ನು ಕೊಡು ಎಂದು ಕೈ ಚಾಚಿದೆ. ಅವ್ವ ಕೊಡಲಿಲ್ಲ. ಎಡಗೈಯಲ್ಲಿ ಅದನ್ನು ಎದೆಗೆ ಒತ್ತಿಕೊಂಡು ಬಲಗೈಯಿಂದ ರೊಟ್ಟಿ ಮುರಿದಳು. ಕೂಸು ಇನ್ನೂ ಕೆಮ್ಮುತ್ತಿತ್ತು. ಅವ್ವ ಉಣ್ಣುತ್ತಿದ್ದಳು.